ಹುಣಸೆಯ ಕವಲಿನ ತುಂಡು ಸಿಕ್ಕಿದೆ. ಚಾಕುವಿನ ಹಿಡಿಯಲ್ಲಿ ಅದರ ಚಿತ್ತಾರ ಎದ್ದು ಕಾಣಲು ಹೇಗೆ ಕೊಯ್ಯಬೇಕು?

ಮೊದಲು ಒಂದು ಮುಖ ನಯಮಾಡಿ ನೀರು ಸವರಿ. ಎಳೆ ಎತ್ತ ಹರಿದಿದೆ ಎಂಬುದು ಆಗಲೇ ಗೊತ್ತಾಗುತ್ತದೆ. ಎರಡು ಕೊಂಬೆ ಕೂಡುವಲ್ಲಿ ನಾರು ಹೆಣೆದುಕೊಂಡು ಗರಿಯಂಥ ಚಿತ್ತಾರ ಮೂಡಿರುತ್ತದೆ. ಎರಡೂ ಕೊಂಬೆಗಳ ತಿರುಳನ್ನು ಒಟ್ಟಿಗೆ ಸೀಳುವಂತೆ ಉದ್ದಕ್ಕೆ ಕೊಯ್ದರೆ ಅದು ಪೂರ್ತಿ ತೆರೆಯುತ್ತದೆ, ಅಡ್ಡ ಕೊಯ್ದರೆ ಹಾಳು.

ಕೊಯ್ದ ಎರಡು ಹಲಗೆಗಳನ್ನು ಪುಸ್ತಕ ಬಿಡಿಸಿದಂತೆ ತೆರೆದು, ಒಂದಕ್ಕೊಂದು ತಾಗಿದ್ದ ಮುಖಗಳೇ ಹೊರಗೆ ಬರುವಂತೆ ಚಾಕುವಿನ ಬುಡದ ಎರಡೂ ಬದಿಗೆ ಕೂಡಿಸಿ. ಆದರೆ ಹಿಡಿಯನ್ನು ಹೆಚ್ಚು ದುಂಡಗೆ ಮಾಡಿದಷ್ಟೂ ಮೇಲಿನ ಚಿತ್ತಾರ ಸವೆದು ಒಳಗಿನದು ಬರುತ್ತದೆ. ಹಾಗಾಗಿ ನಡುಭಾಗ ಆದಷ್ಟು ಚಪ್ಪಟೆಯಾಗಿರಲಿ, ಅಂಚು ಮಾತ್ರ ಉರುಟಾಗಲಿ. ಇದು ನನ್ನ ಇಷ್ಟ, ಕೈಗೂ ಹಿತ.

ಅವಸರ ಮಾತ್ರ ಬೇಡವೇ ಬೇಡ. ನಮ್ಮ ಕಲಬುರಗಿ ಕಡೆ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹಸಿ ಕಟ್ಟಿಗೆ ಕೂಡಿಸಿದರೆ ಮೊಳೆಯ ತೂತಿನಿಂದಲೇ ಬಿರುಕು ಬಿಡುತ್ತದೆ, ಅದರಲ್ಲೂ ಕವಲಿನ ನಾರು ಒಂದೇ ದಿಕ್ಕಿಗೆ ಕುಗ್ಗುವುದಿಲ್ಲ. ತುದಿಗಳಿಗೆ ಮೇಣ ಸವರಿ, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕೆಲಸಕ್ಕೆ ಇಳಿಯಿರಿ. ಸಣ್ಣ ಬಿರುಕಿಗೆ ತೆಳು ಫೆವಿಕ್ವಿಕ್ ಸಾಕು.

ಮರಳು ಕಾಗದವನ್ನು 120 ನಂಬರಿನ ಒರಟಿನಿಂದ ಶುರುಮಾಡಿ ನಯವಾದ 400ರವರೆಗೆ ಒಂದನ್ನೂ ಬಿಡದೆ ಉಜ್ಜಿ. ಉಳಿದ ಒಂದು ಗೀರು ಎಣ್ಣೆ ಬಿದ್ದಮೇಲೆ ಎದ್ದು ಕಾಣುತ್ತದೆ. ಬಣ್ಣ ಹಾಕಬೇಡಿ. ಅಗಸಿ ಎಣ್ಣೆಯನ್ನು ತೀರ ತೆಳುವಾಗಿ, ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ.