ಡ್ರೀಮ್‌ವೀವರ್ ಬಿಡಿ, ಮೊದಲು ನುಡಿ ಫೈಲ್ ನೋಡಿ

ಪ್ರಶ್ನೆ: ನಮ್ಮದು ಉಡುಪಿಯ ಒಂದು ಸಣ್ಣ ಸಹಕಾರಿ ಸಂಘ. ವೆಬ್‌ಸೈಟ್ ಆಗಲೇಬೇಕು ಅಂತ ಆಡಳಿತ ಮಂಡಳಿ ಪಟ್ಟು ಹಿಡಿದಿದೆ, ನೋಡಿಕೊಳ್ಳಬೇಕಾದವರು ನಾವು ಮೂವರು ಗುಮಾಸ್ತರು. ವರ್ಡ್, ಎಕ್ಸೆಲ್, ಕನ್ನಡ ಟೈಪ್ ಮಾಡುವ ನುಡಿ ಬಿಟ್ಟರೆ ನಮಗೆ ಬೇರೆ ಗೊತ್ತಿಲ್ಲ. ಸೈಟ್ ಮಾಡೋಕೆ ಒಬ್ಬರು ವಿಕ್ಸ್ ಅನ್ನುತ್ತಾರೆ, ಇನ್ನೊಬ್ಬರು ವರ್ಡ್‌ಪ್ರೆಸ್. ನಿರ್ದೇಶಕರೊಬ್ಬರ ಮಗ ಡ್ರೀಮ್‌ವೀವರ್ ಕಲಿಯಿರಿ ಅನ್ನುತ್ತಾನೆ. ಯಾವುದು ಒಳ್ಳೇದು?

ಉತ್ತರ: ಡ್ರೀಮ್‌ವೀವರ್ ಬಿಟ್ಟುಬಿಡಿ ಮಾರಾಯ್ರೆ, ಅದು ಕೋಡ್ ಗೊತ್ತಿರುವವರಿಗೆ. ಸೈಟ್ ಮಾಡಿ ಮುಗಿಸೋದು ದೊಡ್ಡ ವಿಷಯ ಅಲ್ಲ, ಆಮೇಲೆ ಠೇವಣಿ ಬಡ್ಡಿ ಬದಲಾದ ದಿನವೇ ಅದನ್ನು ಯಾರು ತಿದ್ದುತ್ತಾರೆ ಹೇಳಿ?

ವಿಳಾಸ, ಶಾಖೆ, ಬಡ್ಡಿ ದರ, ಆಗೊಮ್ಮೆ ಈಗೊಮ್ಮೆ ಒಂದು ನೋಟಿಸು, ಇಷ್ಟೇ ಆದರೆ ಗೂಗಲ್‌ನವರದ್ದೇ ಸೈಟ್ ಮಾಡುವ ಸಾಧನ ಗೂಗಲ್ ಸೈಟ್ಸ್ ಧಾರಾಳ ಸಾಕು. ಗೂಗಲ್ ಖಾತೆ ಇದ್ದರೆ ದುಡ್ಡಿಲ್ಲ, ವರ್ಡ್ ಬರುವವರಿಗೆ ಬೇಗ ಕೈಗೆ ಹತ್ತುತ್ತದೆ. ನೋಡೋಕೆ ಸ್ವಲ್ಪ ಸಪ್ಪೆ, ಇರಲಿ. ವಿಕ್ಸ್ ಚೆಂದ ಕಾಣುತ್ತದೆ ನಿಜ, ಆದರೆ ಉಚಿತ ಪ್ಲಾನಿನಲ್ಲಿ ಅವರ ಜಾಹೀರಾತು ಇರುತ್ತದೆ, ಮತ್ತೆ ನಾಳೆ ಬೇಡ ಅನ್ನಿಸಿದರೆ ಸೈಟನ್ನು ಹಾಗೇ ಎತ್ತಿ ಬೇರೆ ಕಡೆ ಇಡೋಕಾಗಲ್ಲ.

ವರ್ಡ್‌ಪ್ರೆಸ್ 2003ರಿಂದ ಇದೆ, ಸಾಫ್ಟ್‌ವೇರ್ ಉಚಿತ. ಆದರೆ ಆ ಹೆಸರಿನಲ್ಲಿ ಎರಡು ಉಂಟು: ಡಾಟ್ ಕಾಮ್‌ನಲ್ಲಿ ಅಪ್‌ಡೇಟು, ಬ್ಯಾಕಪ್ಪು ಎಲ್ಲಾ ಹೆಚ್ಚುಕಮ್ಮಿ ಅವರೇ ನೋಡಿಕೊಳ್ಳುತ್ತಾರೆ, ಡಾಟ್ ಆರ್ಗ್‌ನಿಂದ ಇಳಿಸಿಕೊಂಡು, ಸೈಟ್ ಇಡೋಕೆ ಬಾಡಿಗೆಗೆ ಪಡೆದ ನಿಮ್ಮ ಹೋಸ್ಟಿಂಗ್‌ನಲ್ಲಿ ಹಾಕಿದರೆ ಆ ತಲೆನೋವು ನಿಮ್ಮದು. ಒಂದು ಅನುಕೂಲ ಇದೆ. ಗುಮಾಸ್ತರಿಗೆ ಕಾಂಟ್ರಿಬ್ಯೂಟರ್, ಮ್ಯಾನೇಜರಿಗೆ ಎಡಿಟರ್ ಅಂತ ಹಕ್ಕು ಕೊಟ್ಟರೆ ನೀವು ಬರೆದದ್ದು ಅವರು ನೋಡಿ ಒಪ್ಪಿದ ಮೇಲೇ ಹೊರಗೆ ಬರುತ್ತದೆ. (ಕಾಂಟ್ರಿಬ್ಯೂಟರ್ ಆದವರಿಗೆ ಫೋಟೋ ಏರಿಸೋಕೆ ಬರಲ್ಲ, ಆಮೇಲೆ ಗಾಬರಿ ಆಗಬೇಡಿ.) ವಾರವಾರ ಸುದ್ದಿ ಹಾಕುವುದಿದ್ದರೆ ಇದು. ನಿಮ್ಮ ಮೂವರಿಗೆ ಸದ್ಯ ಗೂಗಲ್ ಸೈಟ್ಸ್ ಅಂತಲೇ ನನ್ನ ಮಾತು.

ದುಡ್ಡು ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮಲ್ಲಿ ಕಂಪ್ಯೂಟರ್ ಅಂದರೆ ಹಿಂಜರಿಯುವವರು ಯಾರೋ ಅವರನ್ನೇ ಕೂರಿಸಿ, ಮಹಾಸಭೆಯ ನೋಟಿಸು ಹಾಕಿಸಿ, ಮೊಬೈಲಲ್ಲಿ ನೋಡಿ, ಆಮೇಲೆ ದಿನಾಂಕ ಬದಲಿಸಲು ಹೇಳಿ. ಅರ್ಧ ಗಂಟೆಯಲ್ಲಿ ಯಾರನ್ನೂ ಕೇಳದೆ ಆದರೆ ಆ ಸಾಫ್ಟ್‌ವೇರ್ ನಿಮ್ಮದು.

ಆಗ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಕನ್ನಡ ಬರಲ್ಲ, ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಇದು ಸೈಟಿನ ತಪ್ಪಲ್ಲ, ಯಾವ ಸಾಫ್ಟ್‌ವೇರ್ ತಗೊಂಡರೂ ಹೀಗೇ. ಹಳೇ ಫೈಲುಗಳನ್ನು, ಎಲ್ಲಾ ಕಂಪ್ಯೂಟರ್, ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು, ಒತ್ತಕ್ಷರ ಒಂದು ಸಲ ಕಣ್ಣಾಡಿಸಿ, ಇನ್ನು ಮುಂದೆ ಯೂನಿಕೋಡಿನಲ್ಲೇ ಟೈಪ್ ಮಾಡಿ. ಸುಮ್ನೆ ಲೆಟರ್‌ಹೆಡ್ಡಿನ ಫೋಟೋ ತೆಗೆದು ಹಾಕಬೇಡಿ, ಮೊಬೈಲಲ್ಲಿ ಓದೋಕೆ ಎಳೆದು ಎಳೆದು ಸಾಕಾಗುತ್ತದೆ.

ಡೊಮೇನ್ ಹೆಸರನ್ನು (ಅಂದರೆ ಸೈಟಿನ ವಿಳಾಸ) ಸಂಘದ ಹೆಸರಲ್ಲಿ, ಸಂಘದ ಇಮೇಲಿನಲ್ಲಿ, ಕಚೇರಿಯ ಫೋನ್ ನಂಬರಿಗೇ ತಗೊಳ್ಳಿ. ನಿರ್ದೇಶಕರ ಮಗನ ಹೆಸರಲ್ಲಿ ತಗೊಂಡು ಅವನು ದುಬೈಗೆ ಹೋದರೆ, ನವೀಕರಣದ ಓಟಿಪಿಗೆ ಪ್ರತಿ ವರ್ಷ ಅವನಿಗೆ ಫೋನ್ ಮಾಡಬೇಕಾಗುತ್ತದೆ.