ಪ್ರತಿಕ್ರಿಯೆ: ಮಡಿಕೇರಿಯ 571201 ಅವಿಭಾಜ್ಯವೇ?

ಹೌದು, ನಿಮ್ಮ ಅನುಮಾನ ಸರಿ, ಮಡಿಕೇರಿ ಪಿನ್‌ಕೋಡ್ 571201 ಅವಿಭಾಜ್ಯ ಸಂಖ್ಯೆಯೇ. 7ರಿಂದ ಭಾಗಿಸಿದರೂ 17ರಿಂದ ಭಾಗಿಸಿದರೂ 1 ಯಾಕೆ ಉಳಿಯುತ್ತದೆ ಅಂತ ಕೇಳಿದ್ದೀರಿ. ಹಿಂದಿನ ಸಂಖ್ಯೆ 571200 ನೋಡಿ, ಅದು 2, 3, 5, 7, 17 ಎಲ್ಲದರಿಂದಲೂ ಭಾಗವಾಗುತ್ತದೆ, ಹಾಗಾಗಿ ಪಕ್ಕದ್ದಕ್ಕೆ 1 ಉಳಿಯಲೇಬೇಕು, ಅಲ್ವಾ?

571201ರ ವರ್ಗಮೂಲ 755 ಚಿಲ್ಲರೆ, ಹಾಗಾಗಿ ಖಚಿತವಾಗಬೇಕಾದರೆ 755ರೊಳಗಿನ 133 ಅವಿಭಾಜ್ಯಗಳಿಂದಲೂ ಭಾಗಿಸಬೇಕು. ಮೊನ್ನೆ ಮಳೆಗೆ ಕರೆಂಟ್ ಹೋದಾಗ ತೋಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಒಂದೊಂದಾಗಿ ಮಾಡಿದೆ. ಯಾವುದರಿಂದಲೂ ಪೂರ್ತಿ ಭಾಗವಾಗಲಿಲ್ಲ, ಕೊನೆಯ 751ಕ್ಕೆ 441 ಉಳಿಯಿತು.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಗಣಿತಜ್ಞ ಫರ್ಮಾ ಹೇಳಿದ್ದು, ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿದ್ದು. ಇಲ್ಲಿ 735ರ ವರ್ಗ 540225, 176ರ ವರ್ಗ 30976. ಕೂಡಿ ನೋಡಿ!

ವಿರಾಜಪೇಟೆಯ 571218 ಸಮಸಂಖ್ಯೆ, ಅದು ಅವಿಭಾಜ್ಯವಲ್ಲ.