ಇಟಲಿಯ ಟ್ರಿಯೆಸ್ತೆಯಿಂದ ಕ್ರೊಯೇಷಿಯಾದ ಪೊರೆಚ್‌ವರೆಗಿನ ಪರೆಂಜಾನಾ ಹಳೆ ರೈಲು ದಾರಿಯಲ್ಲಿ ಸೈಕಲ್ ಪ್ರವಾಸ ಹೊಸಬರಿಗೆ ಆಗುತ್ತಾ?

ಖಂಡಿತ ಆಗುತ್ತದೆ, ಆದರೆ ಮೂರು ದಿನ ಇಟ್ಟುಕೊಳ್ಳಿ. ಇದು ಆಸ್ಟ್ರಿಯಾ-ಹಂಗೇರಿ ಕಾಲದ ನ್ಯಾರೋಗೇಜ್ ಲೈನು. 1902ರಲ್ಲಿ ಶುರುವಾಗಿ 1935ರಲ್ಲಿ ನಿಂತಿತು, ಈಗ ಅದೇ ಸೈಕಲ್ ದಾರಿ. ಸುಮಾರು 123 ಕಿ.ಮೀ. ಉದ್ದ. ಆಗ ಒಂದೇ ಸಾಮ್ರಾಜ್ಯ, ಈಗ ಇಟಲಿ, ಸ್ಲೊವೇನಿಯಾ, ಕ್ರೊಯೇಷಿಯಾ ಅಂತ ಮೂರು ದೇಶ.

ಉಗಿ ಇಂಜಿನ್ ಕಡಿದಾದ ಏರು ಹತ್ತುವುದಿಲ್ಲ ಅಲ್ವಾ, ಹಾಗಾಗಿ ದಾರಿ ಗುಡ್ಡದ ಸುತ್ತ ಬಳಸಿಕೊಂಡು ನಿಧಾನವಾಗಿ ಮೇಲೇರುತ್ತದೆ, ಅದೇ ಈಗ ನಮ್ಮ ಮಂಡಿಗೆ ವರದಾನ. ಆದರೂ ಏರು ಇಲ್ಲ ಅಂದುಕೊಳ್ಳಬೇಡಿ. ಕ್ರೊಯೇಷಿಯಾದ ಗ್ರೋಜ್ನ್ಯಾನ್ ಊರಿನ ಹತ್ತಿರ ಸುಮಾರು 290 ಮೀಟರ್ ಎತ್ತರಕ್ಕೆ ಹೋಗಿ, ಲಿವಾದೆ ಊರಿನ ಬಳಿ ಮಿರ್ನಾ ನದಿಯ ಬಯಲಿಗೆ ಪೂರ್ತಿ ಇಳಿದು, ಮೊಟೊವುನ್ ದಾಟಿ ವಿಜಿನಾದಾ ಕಡೆಗೆ ಮತ್ತೆ ಹತ್ತಬೇಕು. ಲೈನು ಮೊಟೊವುನ್ ಗುಡ್ಡದ ಕೆಳಗಷ್ಟೇ ಹೋಗುತ್ತದೆ. ಮೇಲಿನ ಕೋಟೆ ಊರು ನೋಡಲು ಬೇರೆ ಏರು ಹತ್ತಬೇಕು, ಸುಸ್ತಾದರೂ ಬಿಡಬೇಡಿ.

ಸ್ಲೊವೇನಿಯಾದಲ್ಲಿ ಬಹುಪಾಲು ಡಾಂಬರು, ಕೊಪೆರ್, ಇಜೋಲಾ ಕಡೆ ಸಮುದ್ರದ ಪಕ್ಕದಲ್ಲೇ ಸಾಗುತ್ತದೆ. ಕ್ರೊಯೇಷಿಯಾಕ್ಕೆ ಬಂದರೆ ಹೆಚ್ಚಾಗಿ ಜಲ್ಲಿ. ಅಲ್ಲಿ ಸಣ್ಣ ಟೈರಿನ ರೋಡ್ ಬೈಕ್ ಸುಮ್ನೆ ಹಿಂಸೆ. ದಪ್ಪ ಟೈರಿನ ಸೈಕಲ್ಲೇ ಸರಿ. ಸುರಂಗಗಳಿವೆ, ಬಿಸಿಲಿನಿಂದ ಒಳಗೆ ನುಗ್ಗಿದರೆ ಕಣ್ಣು ಕತ್ತಲೆ ಕಟ್ಟುತ್ತದೆ, ಮುಂದಿನ ದೀಪ ಇರಲೇಬೇಕು.

2023ರ ಜನವರಿಯಿಂದ ಕ್ರೊಯೇಷಿಯಾ ಕೂಡ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿದೆ, ಯೂರೋನೇ ಬಳಸುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಒಂದೇ ಷೆಂಗೆನ್ ವೀಸಾ ಸಾಕು. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ, ಗಡಿಯಲ್ಲಿ ಒಮ್ಮೊಮ್ಮೆ ತಪಾಸಣೆ ಇರುತ್ತದೆ.